ನಾಲ್ಕು ಗಾಲಿಯ ಗೃಹಪ್ರವೇಶ

"ಇನ್ಮೇಲೆ ನಾನು ಯಾರ ಮನೇಲೂ ಮಲಗಲ್ಲ! ಎಲ್ಲಿಗೆ ಹೋದ್ರೂ ನನ್ನ ಮನೇನೇ ತಗೊಂಡು ಹೋಗ್ತೀನಿ!"

ಶಿಕಾರಿಪುರದ ಬೆಲ್ಲದ ಮಂಡಿಯ ಗಂಗಾಧರಪ್ಪನವರು ಈ ಭೀಷಣ ಪ್ರತಿಜ್ಞೆ ಮಾಡಿದ್ದು ೧೯೫೮ರ ದೀಪಾವಳಿ ಮುಗಿದ ಮೂರನೇ ದಿನ, ಮಂಡಿಯ ಗಾದಿಯ ಮೇಲೆ ಕೂತು, ಇಬ್ಬರು ಹಮಾಲರು ಮತ್ತು ಅಸಂಖ್ಯಾತ ನೊಣಗಳ ಸಮ್ಮುಖದಲ್ಲಿ. ಹಮಾಲರು ತಲೆಯಾಡಿಸಿದರು. ನೊಣಗಳು ಬೆಲ್ಲ ಬಿಟ್ಟು ಏಳಲಿಲ್ಲ.

ಕಾರಣ ಒಂದು ಪೇಟ. ಹಬ್ಬಕ್ಕೆಂದು ಸೊರಬದ ಭಾವಮೈದುನ ಪರಮಶಿವಪ್ಪನ ಮನೆಗೆ ಗಂಗಾಧರಪ್ಪನವರು ಹೆಂಡತಿ ರಾಜೇಶ್ವರಮ್ಮನೊಂದಿಗೆ ಹೋಗಿದ್ದರು. ಆ ಮನೆಯಲ್ಲಿ ಸೊಳ್ಳೆಪರದೆಯ ಮಂಚ ಇದ್ದದ್ದು ಒಂದೇ. ಅದೇ ದಿನ ತಾಲ್ಲೂಕಿನ ಅಮಲ್ದಾರರು ಬಂದಿಳಿದದ್ದರಿಂದ ಮಂಚ ಅವರ ಪಾಲಾಯಿತು. ಮನೆಯ ಅಳಿಯನಿಗೆ ಭತ್ತದ ಕಣಜದ ಪಕ್ಕ ಹಾಸಿಗೆ! ಬೆಳಗಾಗುವಷ್ಟರಲ್ಲಿ ಸೊಳ್ಳೆಗಳು ಅಳಿಯನನ್ನು ತಿಂದಿದ್ದವು, ಇಲಿ ಅಳಿಯನ ಜರಿಪೇಟದ ಜರಿಯನ್ನಷ್ಟೇ ಆರಿಸಿ ತಿಂದಿತ್ತು. ಗಂಗಾಧರಪ್ಪನವರು ಉಳಿದ ಪೇಟವನ್ನು ಕೈಯಲ್ಲಿ ಹಿಡಿದು ಅಂಗಳದಲ್ಲಿ ನಿಂತು, "ಇನ್ನು ಈ ಮನೆ ಹೊಸ್ತಿಲು ತುಳಿದ್ರೆ ನನ್ನ ಹೆಸರು ಗಂಗಾಧರಪ್ಪನೇ ಅಲ್ಲ!" ಎಂದು ಗುಡುಗಿ ಬಂದಿದ್ದರು.

ಗುಡುಗಿದ್ದೇನೋ ಸರಿ. ಆದರೆ ಮಾಘದಲ್ಲಿ ಪರಮಶಿವಪ್ಪನ ಮಗಳ ನಿಶ್ಚಯ ಗೊತ್ತಾಯಿತು. ಸೋದರತ್ತೆ ಇಲ್ಲದೆ ನಿಶ್ಚಯ ಆಗುವಂತಿಲ್ಲ. ಸೋದರತ್ತೆ ಒಬ್ಬಳೇ ಹೋದರೆ, ಗಂಡ ಯಾಕೆ ಬರಲಿಲ್ಲ ಎಂದು ಬೀಗರು ಕೇಳದೆ ಇರುವಂತಿಲ್ಲ.

"ನೀವು ಬರ್ಲೇಬೇಕು" ಎಂದರು ರಾಜೇಶ್ವರಮ್ಮ.

"ಬರ್ತೀನಿ. ಹೊಸ್ತಿಲು ತುಳಿಯಲ್ಲ."

"ಮತ್ತೆ ಎಲ್ಲಿರ್ತೀರಿ, ಹುಣಸೇಮರದ ಮೇಲಾ?"

ಈ ಪ್ರಶ್ನೆಗೆ ಉತ್ತರವಾಗಿ ಹದಿನೈದು ದಿನದಲ್ಲಿ ಮಂಡಿಯ ಮುಂದೆ ಒಂದು ಬಸ್ಸು ಬಂದು ನಿಂತಿತು.

ಅದು ಹುಟ್ಟಿನಿಂದ ಬಸ್ಸಲ್ಲ. ಯುದ್ಧ ಮುಗಿದ ಮೇಲೆ ಸರ್ಕಾರ ಹರಾಜು ಹಾಕಿದ ಮಿಲಿಟರಿ ಲಾರಿ. ಯಾರೋ ಶಿಕಾರಿಯ ಹುಚ್ಚಿನ ಕಂಟ್ರಾಕ್ಟರು ಅದರ ಮೇಲೆ ಬಸ್ಸಿನ ಮೈ ಕಟ್ಟಿಸಿ, ಒಳಗೆ ಮಡಿಸುವ ಮಂಚ ಎರಡು, ನೀರಿನ ಟ್ಯಾಂಕು, ಸ್ಟೌ ಇಡಲು ತಗಡಿನ ಕಟ್ಟೆ, ಗೋಡೆಗೆ ಬೀರು ಎಲ್ಲ ಮಾಡಿಸಿಕೊಂಡು ಕಾಡು ಸುತ್ತಿದ್ದ. ಅವನ ಹೆಂಡತಿ ಬುದ್ಧಿವಂತೆಯಾಗಿದ್ದಿರಬೇಕು, ಬಸ್ಸು ಗುಜರಿಗೆ ಬಂದಿತ್ತು. ಗುಜರಿಯವನು ಗಂಗಾಧರಪ್ಪನವರ ಕಿವಿಯಲ್ಲಿ ಅಮೃತ ಸುರಿದ: "ನಾಲ್ಕೂ ಗಾಲಿ ಎಳೀತಾವೆ ಸಾವ್ಕಾರ್ರೆ! ಕೆಸರಿರ್ಲಿ, ಗದ್ದೆ ಇರ್ಲಿ, ಮೆಟ್ಲು ಬೇಕಾದ್ರೂ ಹತ್ತುತ್ತೆ. ಯಾರ ಹಂಗೂ ಇಲ್ಲ ನಿಮಗೆ."

ಹಂಗಿಲ್ಲ ಎಂಬ ಒಂದು ಮಾತಿಗೆ ಗಂಗಾಧರಪ್ಪನವರು ಕರಗಿ ಪಾಕವಾದರು. ಯುದ್ಧದಲ್ಲಿ ಪಟಾಲಮ್ಮು ಸೇರಿ ಇಂಥದ್ದೇ ಲಾರಿ ಓಡಿಸಿ ಬಂದಿದ್ದ ಕೆಂಪಪ್ಪನನ್ನು ಡ್ರೈವರಾಗಿ ಇಟ್ಟುಕೊಂಡರು. ಮೊದಲ ಸವಾರಿ ಅಂಜನಾಪುರದ ಕೆರೆ ಏರಿಗೆ ಆಯಿತು. ಅಲ್ಲಿ ಬಸ್ಸಿನೊಳಗೇ ರಾಜೇಶ್ವರಮ್ಮ ಉಪ್ಪಿಟ್ಟು ಮಾಡಿದರು. ಹೊಗೆಗೆ ಇಬ್ಬರ ಕಣ್ಣಲ್ಲೂ ಧಾರಾಕಾರ ನೀರು.

"ಹೆಂಗದೆ?" ಎಂದರು ಗಂಗಾಧರಪ್ಪನವರು, ಕಣ್ಣೊರೆಸಿಕೊಳ್ಳುತ್ತ.

"ತವರು ಬಿಟ್ಟು ಬರೋವಾಗ್ಲೂ ನಾನು ಇಷ್ಟು ಅತ್ತಿರ್ಲಿಲ್ಲ" ಎಂದರು ರಾಜೇಶ್ವರಮ್ಮ.

ಇನ್ನೊಂದು ತೊಡಕಿತ್ತು. ಬಸ್ಸು ಎಂದ ಮೇಲೆ ಪರ್ಮಿಟ್ಟು ಬೇಕು, ಅದಕ್ಕೆ ಕಚೇರಿ ಅಲೆಯಬೇಕು. ಗಂಗಾಧರಪ್ಪನವರು ಗಲ್ಲ ಕೆರೆದುಕೊಂಡು ಒಂದು ಮಹಾ ಉಪಾಯ ಹೂಡಿದರು. ಮನೆಗೆ ಯಾರಾದರೂ ಪರ್ಮಿಟ್ಟು ಕೇಳುತ್ತಾರೆಯೇ? ಕೇಳುವುದಿಲ್ಲ! ಹಾಗಾದರೆ ಇದು ಬಸ್ಸೇ ಅಲ್ಲ, ಮನೆ! ಬಾಗಿಲ ಮೇಲೆ 'ಗಂಗಾಧರ ನಿಲಯ' ಎಂದು ಬರೆಸಿದರು. ಬಾಗಿಲಿಗೆ ಹಲಗೆಯ ಹೊಸ್ತಿಲು ಹೊಡೆಸಿ ಅರಿಶಿನ ಕುಂಕುಮ ಹಚ್ಚಿಸಿದರು. ಮಾವಿನ ತೋರಣ ಕಟ್ಟಿಸಿದರು. ಅಯ್ಯನವರನ್ನು ಕರೆಸಿ, ಸ್ಟೌ ಮೇಲೆ ಹಾಲುಕ್ಕಿಸಿ ಗೃಹಪ್ರವೇಶವನ್ನೇ ಮಾಡಿಬಿಟ್ಟರು!

ಅಯ್ಯನವರು ದಕ್ಷಿಣೆ ಸೊಂಟಕ್ಕೆ ಸಿಕ್ಕಿಸಿಕೊಂಡು ಹೊರಗೆ ಬಂದು ಸೂರ್ಯನನ್ನು ನೋಡಿದರು. "ಮೂಡಲ ಬಾಗಿಲು. ಬಾಳ ಶ್ರೇಷ್ಠ. ಯಾವ ದಿಕ್ಕಾದ್ರೂ ಆದೀತು, ಮನೆಗೆ ತೆಂಕಲ ಬಾಗಿಲೊಂದು ಆಗ್ಬಾರ್ದು ತಾಯಿ. ಅದು ಯಮನ ದಿಕ್ಕು" ಎಂದು ರಾಜೇಶ್ವರಮ್ಮನಿಗೆ ಹೇಳಿ ನಡೆದರು. ಗಂಗಾಧರಪ್ಪನವರು ಬಂದವರಿಗೆ ಕೋಸಂಬರಿ ಹಂಚುತ್ತಿದ್ದರು. ಅವರ ಕಿವಿಗೆ ಈ ಮಾತು ಬೀಳಲಿಲ್ಲ.

ನಿಶ್ಚಯದ ದಿನ ಬೆಳಿಗ್ಗೆ ಗಂಗಾಧರ ನಿಲಯ ಹೊರಟಿತು. ರಾಜೇಶ್ವರಮ್ಮ ಒಳಗೆ ದೇವರ ಮುಂದೆ ದೀಪ ಹಚ್ಚಿಟ್ಟು, ಅದು ಆರದಂತೆ ಸೆರಗು ಮರೆಮಾಡಿ ಕೂತರು. ಗಂಗಾಧರಪ್ಪನವರು ಹೊಸ ಜರಿಪೇಟ ಇಟ್ಟುಕೊಂಡು ಕಿಟಕಿಯಲ್ಲಿ ಕೂತು ದಾರಿಹೋಕರಿಗೆಲ್ಲ ಕೈಮುಗಿಯುವುದನ್ನು ರೂಢಿ ಮಾಡಿಕೊಂಡರು. ಎರಡೂ ಕೈ ಪೇಟದ ಮಟ್ಟಕ್ಕೆ ಎತ್ತಿ, ಕಣ್ಣು ಅರೆಮುಚ್ಚಿ, ನಿಧಾನವಾಗಿ ತಲೆ ಬಾಗಿಸಬೇಕು. ಬೀಗ ಉಚ್ಚಂಗಪ್ಪನವರಿಗೆ ಹಾಗೇ ಮುಗಿಯಬೇಕೆಂದು ಅವರ ಆಸೆ. ಹೊಸಬಾಳೆಯ ಆ ದೊಡ್ಡ ಜಮೀನ್ದಾರರು ಇವರನ್ನು ನೋಡಿ, 'ಹೆಣ್ಣಿನ ಕಡೆ ಇಂಥ ಘನಸ್ಥರು ಇದ್ದಾರೆಯೇ!' ಎಂದುಕೊಳ್ಳಬೇಕು.

ಶಿರಾಳಕೊಪ್ಪದವರೆಗೆ ಸುಖ. ಅಲ್ಲಿ ಪೊಲೀಸ್ ದಫೇದಾರರು ಕೈ ಅಡ್ಡ ಹಿಡಿದರು.

"ಬಸ್ಸಿಗೆ ಪರ್ಮಿಟ್ ಇದೆಯೇನ್ರೀ?"

"ಬಸ್ಸಾ? ಎಲ್ಲಿ ಬಸ್ಸು?" ಗಂಗಾಧರಪ್ಪನವರು ಆಚೀಚೆ ಹುಡುಕಿದರು. "ಇದು ಮನೆ ಸ್ವಾಮಿ! ತೋರಣ ನೋಡಿ. ಹೊಸ್ತಿಲು ನೋಡಿ. ಒಳಗೆ ದೀಪ ಉರೀತಿದೆ. ಗೃಹಪ್ರವೇಶ ಆಗಿ ಎಂಟು ದಿನ ಆಯ್ತು."

ದಫೇದಾರರು ಬಗ್ಗಿ ನೋಡಿದರು. ದೀಪ ಕಂಡಿತು, ರಾಜೇಶ್ವರಮ್ಮ ಕಂಡರು. ಕೈ ತಾನಾಗಿ ಟೋಪಿಗೆ ಹೋಯಿತು. "ಮನೆ ಅಂದ್ಮೇಲೆ ನಮಗೇನ್ರೀ ಕೆಲಸ" ಎಂದು ಎದುರಿನ ಚಾದಂಗಡಿಯ ಬೆಂಚಿನ ಮೇಲೆ ಹೋಗಿ ಕೂತರು. ಗಂಗಾಧರಪ್ಪನವರು ಮೀಸೆ ತಿರುವಿದರು. ಕೆಂಪಪ್ಪ ಬಸ್ಸನ್ನು ಸೊರಬದ ರಸ್ತೆಗೆ ತಿರುವಿದ.

"ನಿಲ್ಸು!" ಎಂದರು ರಾಜೇಶ್ವರಮ್ಮ.

"ಏನಾಯ್ತೇ?"

"ಈ ದಾರಿ ಪಡುವಲಿಗಲ್ವಾ ಹೋಗೋದು? ನಮ್ಮ ಬಾಗಿಲು ಎಡಕ್ಕದೆ. ಅಂದ್ರೆ ಈಗ ಯಾವ ದಿಕ್ಕಿಗಾಯ್ತು ನೋಡಿ."

ಗಂಗಾಧರಪ್ಪನವರು ಬೆರಳು ಮಡಿಸಿ ಲೆಕ್ಕ ಹಾಕಿದರು. "ತೆಂಕಲಿಗೆ. ಅದಕ್ಕೇನೀಗ?"

"ಅದಕ್ಕೇನಾ? ಅಯ್ಯನೋರು ಹೇಳಿಲ್ವಾ, ತೆಂಕಲ ಬಾಗ್ಲು ಯಮನ ಬಾಗ್ಲು ಅಂತ? ಮಗು ನಿಶ್ಚಯಕ್ಕೆ ಯಮನ ಬಾಗ್ಲು ತಗೊಂಡು ಹೋಗ್ಲಾ ನಾನು? ನಾಳೆ ಆ ಹುಡುಗಿಗೊಂದು ಕೆಮ್ಮು ಬಂದ್ರೂ ನೀಲಾಂಬಿಕ ನನ್ನ ಕಡೆಗೇ ಬೆರಳು ತೋರಿಸ್ತಾಳೆ!" ನೀಲಾಂಬಿಕ ಎಂದರೆ ಪರಮಶಿವಪ್ಪನ ಹೆಂಡತಿ. ರಾಜೇಶ್ವರಮ್ಮನ ಕಣ್ಣಲ್ಲಿ ನಿಜವಾಗಿಯೂ ನೀರು ಬಂದಿತ್ತು, ಈ ಸಲ ಸ್ಟೌ ಹಚ್ಚಿರಲಿಲ್ಲ.

"ಬಾಗಿಲು ಮುಚ್ಚಿದ್ರಾಯ್ತು."

"ಮುಚ್ಚಿದ್ರೆ ದಿಕ್ಕು ಬದಲಾಗ್ತದಾ?"

"ಅಯ್ಯೋ, ದಿಕ್ಕು ಗಿಕ್ಕು ಎಲ್ಲಾ ಮನೆಗೆ ಕಣೇ. ಇದು ಬಸ್..." ಎಂದವರು ಗಕ್ಕನೆ ನಾಲಗೆ ಕಚ್ಚಿಕೊಂಡರು. ಚಾದಂಗಡಿಯ ಬೆಂಚಿನಿಂದ ದಫೇದಾರರು ಇತ್ತಲೇ ಕಿವಿ ಮಾಡಿ ಕೂತಿದ್ದರು!

ಗಂಗಾಧರಪ್ಪನವರು ಬೆವರಿದರು. ಬಸ್ಸೆಂದರೆ ದಫೇದಾರರು ಬಿಡರು, ಮನೆಯೆಂದರೆ ಹೆಂಡತಿ ಬಿಡಳು. ಕೊನೆಗೆ ಬಾಯಿಬಿಟ್ಟವನು ಕೆಂಪಪ್ಪ: "ಸಾವ್ಕಾರ್ರೆ, ಗಾಡಿ ಮುಖ ಮೂಡಲಿಗೆ ಮಾಡಿದ್ರೆ ಬಾಗ್ಲು ಬಡಗಲಿಗಾಗ್ತದೆ. ಹಂಗೇ ರಿವರ್ಸಲ್ಲಿ ಹೋದ್ರಾತು."

"ಸೊರಬದವರೆಗೂ?"

"ಹತ್ತು ಹನ್ನೆರಡು ಮೈಲಿ. ಪಟಾಲಮ್ಮಲ್ಲಿ ಇದಕ್ಕಿಂತ ದಂಡಿ ಹಿಂದೆ ಸರಿದೀವಿ."

"ಬಡಗಲು ಬಾಳ ಒಳ್ಳೇದು. ಕುಬೇರನ ದಿಕ್ಕು" ಎಂದು ರಾಜೇಶ್ವರಮ್ಮ ಕಣ್ಣೊರೆಸಿಕೊಂಡರು.

ಬಸ್ಸು ಮುಖ ತಿರುಗಿಸಿ ನಿಂತಿತು. ಹಿಂದಿನ ಕಿಟಕಿಯಲ್ಲಿ ದಾರಿ ನೋಡಲು ಗಂಗಾಧರಪ್ಪನವರೇ ನಿಲ್ಲಬೇಕಾಯಿತು. ಇಂಜಿನ್ನಿನ ಸದ್ದಿಗೆ ಕೂಗಿದ್ದು ಕೇಳದು. ಅದಕ್ಕೆ ಪೂಜೆಯ ಗಂಟೆ ತೆಗೆದುಕೊಂಡು ಕರಾರು ಮಾಡಿಕೊಂಡರು. ಒಂದು ಸಲ ಬಾರಿಸಿದರೆ ಎಡ, ಎರಡು ಸಲಕ್ಕೆ ಬಲ, ಎಡೆಬಿಡದೆ ಬಾರಿಸಿದರೆ ನಿಲ್ಲಿಸು, ಗಂಟೆಯೇ ಇಲ್ಲದಿದ್ದರೆ ನೆಟ್ಟಗೆ ಹೋಗುತ್ತಲೇ ಇರು.

"ಆರ್ಡರ್ ಅಂದ್ರೆ ಆರ್ಡರ್" ಎಂದ ಕೆಂಪಪ್ಪ. "ಗಂಟೆ ಬಾರಿಸದೆ ಬ್ರೇಕ್ ಮುಟ್ಟಲ್ಲ."

ಹೀಗೆ ಶ್ರೀಮಾನ್ ಗಂಗಾಧರಪ್ಪನವರ ಮೆರವಣಿಗೆ ಪೃಷ್ಠ ಮುಂದಾಗಿ ಸೊರಬದ ಕಡೆಗೆ ಸಾಗಿತು! ಗದ್ದೆಯಲ್ಲಿದ್ದವರು ಕೆಲಸ ಬಿಟ್ಟು ಬದುವಿನ ಮೇಲೆ ಸಾಲಾಗಿ ನಿಂತರು. ಹಿಂದಿನಿಂದ ಬಂದ ಸೈಕಲ್ಲಿನವನೊಬ್ಬ ಬಸ್ಸಿನ ಮುಖ ತನ್ನನ್ನೇ ನೋಡುತ್ತ ದೂರ ಹೋಗುವುದನ್ನು ಕಂಡು ಸೈಕಲ್ಲಿನಿಂದ ಇಳಿದು, ಸ್ವಲ್ಪ ಹೊತ್ತು ರಸ್ತೆ ಬದಿಗೆ ಕೂತ. ಆಮೇಲೆ ಹಿಂದಿನಿಂದಲೇ ಸೊರಬಕ್ಕೆ ಹೋಗುವ ಸರ್ವೀಸ್ ಬಸ್ಸು ಬಂತು. ಮೂತಿಗೆ ಮೂತಿ, ಎರಡು ಬಸ್ಸು! ಆ ಡ್ರೈವರು ಹಾರನ್ ಒತ್ತಿಕೊಂಡೇ ತಲೆ ಹೊರಗೆ ಹಾಕಿ ಕಿರುಚಿದ, "ಹಿಂದಕ್ಕೆ ತಗಿಯೋ ಮಾರಾಯಾ!"

"ಹಿಂದಕ್ಕೇ ಹೋಗ್ತಿದೀನಲ್ಲಪ್ಪಾ!" ಎಂದು ಕೆಂಪಪ್ಪ ಸೆಲ್ಯೂಟು ಹೊಡೆದ.

ಸಂಜೆ ನಾಲ್ಕರ ಹೊತ್ತಿಗೆ ಸೊರಬ. ಪರಮಶಿವಪ್ಪನ ಬೀದಿ ಉದ್ದಕ್ಕೆ ಪಡುವಲಿಗೆ ಹೋಗಿ ಅವನ ಮನೆಯ ಮುಂದೆಯೇ ಮುಗಿಯುತ್ತದೆ. ಮೂರು ಮೆಟ್ಟಿಲು, ಮೇಲೆ ಜಗಲಿ, ಜಗಲಿಗೆ ಮೂಡಲ ಬಾಗಿಲು. ಮನೆಯ ಮುಂದೆ ಜನ. ನಡುವೆ ಬಿಳಿ ಶಲ್ಯ ಹೊದ್ದು ನಿಂತ ಎತ್ತರದ ಆಸಾಮಿ ಉಚ್ಚಂಗಪ್ಪನವರೇ! ಹಿಂದಿನ ಕಿಟಕಿಯಲ್ಲಿ ಗಂಗಾಧರಪ್ಪನವರ ಎದೆ ಎರಡು ಅಂಗುಲ ಉಬ್ಬಿತು. ಮನೆಗೆ ಇಪ್ಪತ್ತು ಮಾರು ಇರುವಾಗ ಗಂಟೆ ಎತ್ತಬೇಕೆಂದು ಅವರು ಅಳತೆ ಮಾಡಿಕೊಂಡಿದ್ದರು. ಸರಿಯಾಗಿ ಇಪ್ಪತ್ತು ಮಾರಿಗೆ ಉಚ್ಚಂಗಪ್ಪನವರು ತಲೆ ಎತ್ತಿ ಇವರನ್ನು ನೋಡಿದರು.

ಕೈಮುಗಿಯಲು ಎರಡೂ ಕೈ ಬೇಕಲ್ಲ! ಗಂಗಾಧರಪ್ಪನವರು ಗಂಟೆಯನ್ನು ಪಕ್ಕದ ಬೀರುವಿನ ಮೇಲಿಟ್ಟರು. ಕೈಗಳನ್ನು ಪೇಟದ ಮಟ್ಟಕ್ಕೆ ಎತ್ತಿದರು. ಕಣ್ಣು ಅರೆಮುಚ್ಚಿದರು. ನಿಧಾನವಾಗಿ, ಬೆಳಿಗ್ಗೆಯಿಂದ ರೂಢಿಸಿದ ಹಾಗೆ, ತಲೆ ಬಾಗಿಸಿದರು.

ಗಂಟೆ ಇಲ್ಲ. ಕೆಂಪಪ್ಪ ನೆಟ್ಟಗೆ ಬಿಟ್ಟ.

ಜನ ಎರಡು ಭಾಗವಾಗಿ ಓಡಿದರು. ನೀಲಾಂಬಿಕ ಆರತಿ ತಟ್ಟೆ ಹಿಡಿದುಕೊಂಡೇ ತುಳಸಿಕಟ್ಟೆಯ ಹಿಂದೆ ಹಾರಿದಳು. ಬಸ್ಸಿಗೆ ಮಾತ್ರ ಅವಸರವೇ ಇರಲಿಲ್ಲ, ಎಮ್ಮೆ ನೀರಿಗಿಳಿಯುವಷ್ಟು ಸಾವಕಾಶವಾಗಿ ಮೊದಲನೇ ಮೆಟ್ಟಿಲು ಹತ್ತಿತು. ಎರಡನೆಯದು ಹತ್ತಿತು. ಮೂರನೆಯದೂ ಹತ್ತಿತು! ಗುಜರಿಯವನು ಹೇಳಿದ್ದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ. ಗಂಗಾಧರಪ್ಪನವರು ಕಣ್ಣು ಬಿಡುವಷ್ಟರಲ್ಲಿ ಪರಮಶಿವಪ್ಪನ ಬಾಗಿಲು, ಚೌಕಟ್ಟು, ಅತ್ತಿತ್ತಲ ಮಣ್ಣುಗೋಡೆ ಎಲ್ಲವೂ ದಡದಡನೆ ದಾರಿ ಬಿಟ್ಟಿದ್ದವು. ಬಸ್ಸು ಪಡಸಾಲೆಯೊಳಗೆ ಅರ್ಧ ಬಂದು, ಏನಕ್ಕೋ ಮೆತ್ತಗೆ ಒರಗಿ ನಿಂತಿತು. ಧೂಳು ಇಳಿದ ಮೇಲೆ ಗಂಗಾಧರಪ್ಪನವರು ನೋಡುತ್ತಾರೆ, ಕಿಟಕಿಗೆ ತಗುಲಿಕೊಂಡು ಸೊಳ್ಳೆಪರದೆಯ ಮಂಚ! ಉಚ್ಚಂಗಪ್ಪನವರಿಗೆಂದು ಹೊಸ ಹಾಸು ಹಾಸಿಟ್ಟಿದ್ದರು.

ಆಗ ಅವರಿಗೆ ಗಂಟೆಯ ನೆನಪಾಯಿತು. ಎಡೆಬಿಡದೆ ಬಾರಿಸಿದರು.

ಕಿಟಕಿಯಿಂದ ಅವರನ್ನು ನಾಲ್ಕು ಜನ ಎತ್ತಿ ಮಂಚದ ಮೇಲೆ ಇಳಿಸಿಕೊಂಡರು. ರಾಜೇಶ್ವರಮ್ಮ ಹಿತ್ತಲಿನಿಂದ ಸುತ್ತಿ ಬಂದು ಬಾಯಿಗೆ ಸೆರಗು ಹಿಡಿದು ನಿಂತರು. ಎಲ್ಲರ ಕಣ್ಣೂ ಉಚ್ಚಂಗಪ್ಪನವರ ಮೇಲೆ. ಅವರು ಒಡೆದ ಗೋಡೆ ನೋಡಿದರು, ಬಸ್ಸಿನ ತೋರಣ ನೋಡಿದರು, ಕಡೆಗೆ ಧೂಳಿನಲ್ಲಿ ಮಿಂದ ಗಂಗಾಧರಪ್ಪನವರನ್ನು ನೋಡಿದರು. ಅವರ ಹೊಟ್ಟೆ ಕುಲುಕಾಡತೊಡಗಿತು.

"ಮಾರಾಯ್ರೆ! ಹೆಣ್ಣಿನ ನೆಂಟರು ಗಾಡಿ ಮೇಲೆ ಬಂದದ್ದು ನೋಡೀನಿ. ಮನೆ ಸಮೇತ ಮನೆಯೊಳಗೇ ಬಂದದ್ದು ಇದೇ ಮೊದಲು! ತನ್ನಿ ವೀಳ್ಯ. ಇಂಥ ನೆಂಟಸ್ತನ ಬಿಟ್ರೆ ಮತ್ತೆ ಸಿಗದು!"

ನಿಶ್ಚಯ ಪಡಸಾಲೆಯಲ್ಲೇ, ಬಸ್ಸಿನ ಬೆನ್ನಿಗೆ ಜಮಖಾನ ಇಳಿಬಿಟ್ಟು ನಡೆಯಿತು. ಬಸ್ಸು ತೆಗೆಸೋಣವೆಂದರೆ, ಪರಿಶೀಲಿಸಿದ ಬಡಗಿ ಮಾಸ್ತಪ್ಪ ತಲೆ ಅಡ್ಡಡ್ಡ ಆಡಿಸಿದ. "ತೊಲೆ ಈಗ ಬಸ್ಸಿನ ತಲೆ ಮ್ಯಾಲೆ ಕೂತದೆ. ತೆಗುದ್ರೆ ಸೂರು ಬೀಳ್ತದೆ. ಹೊಸ ಚೌಕಟ್ಟು ಆಗೋವರ್ಗೆ ಒಂದು ಹದಿನೈದು ದಿನ ಇದು ಕದಲೋ ಹಂಗಿಲ್ಲ."

"ಹದಿನೈದು ದಿನ ಇಲ್ಲೇ ಇರ್ಬೇಕಾ?" ಗಂಗಾಧರಪ್ಪನವರ ದನಿ ಬೀರುವಿನೊಳಗಿನಿಂದ ಬಂದಂತಿತ್ತು.

"ಇರಿ ಭಾವ, ನಿಮ್ಮದೇ ಮನೆ" ಎಂದ ಪರಮಶಿವಪ್ಪ, ಅತಿ ವಿನಯದಿಂದ. "ಹೊಸ್ತಿಲು ತುಳಿಯಲ್ಲ ಅಂದಿದ್ರಿ, ನಡೆಸಿಕೊಂಡ್ರಿ. ಹೊಸ್ತಿಲು ನಿಮ್ಮ ಬಸ್ಸಿನಡಿ ಅದೆ, ಬೇಕಾದ್ರೆ ಬಗ್ಗಿ ನೋಡಿ."

"ಸರಿ, ನಾನು ನನ್ನ ಬಸ್ಸಲ್ಲೇ ಮಲಗ್ತೀನಿ!" ಗಂಗಾಧರಪ್ಪನವರು ಕೊನೆಯ ಅಭಿಮಾನವನ್ನು ಒಟ್ಟುಮಾಡಿ ಎದ್ದರು.

"ಅದೇ ಸ್ವಲ್ಪ ಕಷ್ಟ ಭಾವ. ಮಡಿಸೋ ಮಂಚ ನೋಡಿ ಬೀಗರಿಗೆ ಬಾಳ ಇಷ್ಟ ಆಗ್ಬಿಟ್ಟದೆ. ಗಂಡ ಹೆಂಡ್ತಿ ಇಬ್ರೂ ಅಲ್ಲೇ ಮಲಗ್ತಾರಂತೆ."

"ಹಾಗಾದ್ರೆ ಸೊಳ್ಳೆಪರದೆ ಮಂಚ?"

"ನೀವು ಇಳಿದ್ರಲ್ಲ, ಆಗ್ಲೇ ಕಾಲು ಮುರೀತು."

ಗಂಗಾಧರಪ್ಪನವರು ಹೆಂಡತಿಯ ಮುಖ ನೋಡಿದರು. ರಾಜೇಶ್ವರಮ್ಮ ಕಣಜದ ಪಕ್ಕ ಆಗಲೇ ಹಾಸಿಗೆ ಬಿಡಿಸಿ, ದಿಂಬು ಕೊಡವುತ್ತಿದ್ದರು. ಕಣಜದ ಹಿಂದೆ ಯಾವುದೋ ಹಳೆಯ ಪರಿಚಯಸ್ಥ ಸರಸರ ಓಡಾಡಿದ ಸದ್ದಾಯಿತು.

"ನಿಮ್ಮ ಹೆಸರಂತೂ ಉಳೀತು" ಎಂದು ರಾಜೇಶ್ವರಮ್ಮ ಕೈ ಚಾಚಿದರು. "ಪೇಟ ಇತ್ಲಾಗೆ ಕೊಡಿ. ಅದನ್ನಾದ್ರೂ ಪೆಟ್ಟಿಗೆಯೊಳಗೆ ಇಡ್ತೀನಿ."