ಗೋಡೆಯಾಚೆಗೆ ಒಂದು ‘ಪರವಾಗಿಲ್ಲ’

‘ಪರವಾಗಿಲ್ಲ’ ಎಂಬ ಪದದ ಮೇಲೆ ನನಗೆ ಅಪಾರ ವಿಶ್ವಾಸವಿತ್ತು. ಬಸ್ಸಿನಲ್ಲಿ ಕಾಲು ತುಳಿದವರಿಗೆ ಅದು ಕ್ಷಮೆ. ಎರಡನೇ ಲೋಟ ಚಹಾಕ್ಕೆ ಅದು ‘ಬೇಡ’, ಇನ್ನೊಮ್ಮೆ ಒತ್ತಾಯಿಸಿದರೆ ‘ಬೇಕು’. ನನ್ನನ್ನು ನೋಡಲು ಬಂದ ಅತ್ತೆ ‘ಹುಡುಗಿ ಪರವಾಗಿಲ್ಲ’ ಎಂದಿದ್ದರು. ಆ ಪ್ರಮಾಣಪತ್ರದ ಬಲದಿಂದಲೇ ನಾನು ತೊಕ್ಕೊಟ್ಟಿನ ಈ ಹಂಚಿನ ಮನೆ ಸೇರಿದ್ದು. ಬಲ್ಮಠದ ಕಾಲೇಜಿನಲ್ಲಿ ಪಾಠ ಮಾಡುವ ನಾನು, ಫೇಲಾದ ಮಕ್ಕಳ ತಂದೆತಾಯಿಗೂ ಅದನ್ನೇ ಹೇಳಿ ಕಳಿಸುತ್ತೇನೆ. ಒಂದೇ ಪದದಲ್ಲಿ ಸಂಸಾರ, ಉದ್ಯೋಗ ಎರಡೂ ನಡೆಯುತ್ತಿದ್ದವು!

ಕಳೆದ ಭಾನುವಾರ ಅಡುಗೆಮನೆಯ ಮಾಡು ಸೋರಿತು. ನನ್ನ ಗಂಡ ಸುರೇಶ್ ಬ್ಯಾಂಕಿನವರು. ಕುರ್ಚಿಗಿಂತ ಎತ್ತರ ಏರಿದವರಲ್ಲ. ಆದರೂ "ಒಂದು ಹಂಚು ತಾನೆ, ನಾನೇ ಹಾಕ್ತೇನೆ" ಎಂದು ಹಿತ್ತಿಲಿನ ಮರದ ಏಣಿ ತಂದು ಒರಗಿಸಿ ಏರತೊಡಗಿದರು.

ಗೋಡೆಯಾಚೆ ಲಿಲ್ಲಿ ಬಾಯಿಯ ತಲೆ ಕಾಣಿಸಿತು. ಗಲ್ಫಿನಲ್ಲಿ ನರ್ಸ್ ಆಗಿದ್ದು ನಿವೃತ್ತರಾದ ನೆರೆಯವರು; ‘ಬಾಯಿ’ ಎಂದರೆ ನಮ್ಮ ಕಡೆ ಕ್ರಿಶ್ಚಿಯನ್ ಹೆಂಗಸರಿಗೆ ಕೊಡುವ ಗೌರವ.

"ಎಂತ ಸಂಧ್ಯಾ, ಆ ಏಣಿಗೆ ಗೆದ್ದಲು ಹಿಡಿದಿಲ್ವಾ? ನಮ್ಮಲ್ಲಿ ಅಲ್ಯೂಮಿನಿಯಂದು ಉಂಟು, ಕೊಡ್ತೇನೆ."

"ಪರವಾಗಿಲ್ಲ ಬಾಯಿ!"

"ಹಿಡ್ಕೊಳ್ಳಿಕ್ಕೆ ನಾನು ಬರ್ಲಾ?"

"ಪರವಾಗಿಲ್ಲ, ನಾನಿದ್ದೇನಲ್ಲ!"

ಅವರು ಒಳಗೆ ಹೊರಟರು. ನಾನು ಸೌಜನ್ಯಪೂರ್ವಕವಾಗಿ ಕೈ ಬೀಸಿದೆ. ಬೀಸಿದ್ದು ಏಣಿ ಹಿಡಿದಿದ್ದ ಕೈಯನ್ನು.

ಏಣಿ ಪಾಚಿಯ ಮೇಲೆ ಜಾರಿ ಬಿತ್ತು. ಇವರು ಸೂರಿನ ಪಕ್ಕಾಸಿಗೆ, ಹಂಚು ಹೊರುವ ಆ ಮರದ ಪಟ್ಟಿಗೆ, ಜೋತುಬಿದ್ದರು. ನೇರ ಕೆಳಗೆ ಬಟ್ಟೆ ಒಗೆಯುವ ಕಲ್ಲು. ನನ್ನ ಕೈಗೆಟುಕದಷ್ಟು ಮೇಲೆ ಎರಡು ಕಾಲುಗಳು, ಒಂದರಲ್ಲಿ ಮಾತ್ರ ಚಪ್ಪಲಿ.

"ಎಂತ ಶಬ್ದ ಅದು? ಎಲ್ಲ ಸರಿ ಉಂಟಲ್ಲ?" ಲಿಲ್ಲಿ ಬಾಯಿ ಒಳಗಿನಿಂದ ಕೂಗಿದರು.

ನನ್ನ ನಾಲಿಗೆ ನನ್ನನ್ನು ಒಂದು ಮಾತೂ ಕೇಳದೆ ಉತ್ತರ ಕೊಟ್ಟಿತು: "ಪರವಾಗಿಲ್ಲ!"

ಮೇಲಿನಿಂದ ಚೀತ್ಕಾರ: "ಪರವಾ ಉಂಟು ಬಾಯೀ! ತುಂಬಾ ಪರವಾ ಉಂಟು! ಏಣಿ ತನ್ನಿ ಮಾರಾಯ್ರೆ!"

ಆ ವಯಸ್ಸಿನಲ್ಲೂ ಲಿಲ್ಲಿ ಬಾಯಿ ಏಣಿ ಹೊತ್ತು ಓಡಿಬಂದರು. ಅದನ್ನು ಊರುವಷ್ಟರಲ್ಲಿ ಪಕ್ಕಾಸು ಮುರಿಯಿತು. ಇವರು ಕಲ್ಲಿನಿಂದ ಒಂದು ಗೇಣು ಆಚೆ ಬಿದ್ದರು. ಮುರಿದದ್ದು ಪಾದ. ಆ ಗೇಣು ಈಚೆಯಾಗಿದ್ದರೆ, ತಲೆ.

ಆಸ್ಪತ್ರೆಯಲ್ಲಿ ಡಾಕ್ಟರು ಎಕ್ಸ್‌ರೇ ನೋಡಿ, "ಪರವಾಗಿಲ್ಲಮ್ಮ, ಪಾದ ಮಾತ್ರ" ಎಂದರು. ಜೀವಮಾನವಿಡೀ ನೀರಿನಂತೆ ಚೆಲ್ಲಿದ ಪದದ ಬೆಲೆ ಅಂದು ತಿಳಿಯಿತು. ಕಾರಿಡಾರಿನ ಬೆಂಚಿನಲ್ಲಿ ಕೂತು ಬಿಕ್ಕಿ ಬಿಕ್ಕಿ ಅತ್ತುಬಿಟ್ಟೆ.

ಈಗಲೂ ಕಣ್ಣು ಮುಚ್ಚಿದರೆ ಆ ಕಾಲುಗಳು, ಆ ಒಂಟಿ ಚಪ್ಪಲಿ. ಪಾತ್ರೆ ಬಿದ್ದರೂ ಇವರ ಕೋಣೆಗೆ ಓಡುತ್ತೇನೆ. ಒಗೆಯುವ ಕಲ್ಲಿನ ಹತ್ತಿರ ಹೋಗಲು ಕಾಲು ಏಳುವುದಿಲ್ಲ. ಮನೆಯಲ್ಲಿ ಕೊಳೆಬಟ್ಟೆ ಗುಡ್ಡೆಯಾಗಿದೆ.

ನಿನ್ನೆ ಗೋಡೆಯಾಚೆಯಿಂದ ಲಿಲ್ಲಿ ಬಾಯಿ ಕೇಳಿದರು: "ನಿದ್ರೆ ಬರ್ತದಾ ಸಂಧ್ಯಾ? ಮುಖ ನೋಡಿದ್ರೆ ಬರುವ ಹಾಗೆ ಕಾಣುದಿಲ್ಲ. ಬಟ್ಟೆ ಕೊಡಿ, ನಮ್ಮ ಮೆಷಿನಿಗೆ ಹಾಕ್ತೇನೆ."

"ಪರ..." ಎಂದೆ.

ಪ್ಲಾಸ್ಟರು ಹಾಕಿಕೊಂಡು ಒಳಗೆ ಮಲಗಿದ್ದವರು ಬೊಬ್ಬೆ ಹೊಡೆದರು: "ಅವಳನ್ನು ಕೇಳ್ಬೇಡಿ ಬಾಯೀ! ಸೀದಾ ಒಳಗೆ ಬನ್ನಿ!"

ಬಂದರು. ಬಟ್ಟೆಯ ಗಂಟು ಎತ್ತಿಕೊಂಡು ಹೋದರು. ನಾನು ಎರಡೂ ಕೈಗಳಿಂದ ನನ್ನ ಬಾಯಿ ಮುಚ್ಚಿಕೊಂಡು ಬಾಗಿಲಲ್ಲಿ ನಿಂತಿದ್ದೆ. ಈ ಸಲವಾದರೂ ಕೈಗಳನ್ನು ಹಿಡಿಯಬೇಕಾದಲ್ಲೇ ಹಿಡಿದಿದ್ದೆ!