ಮಲಯಾಳದಲ್ಲಿ ಮುಚ್ಚಿಟ್ಟ ಕಾಯಿಲೆ

ಕಾಯಿಲೆಗಳಲ್ಲೂ ಮಾನವಂತ ಕಾಯಿಲೆಗಳು ಬೇರೆಯೇ ಇವೆ. ಬಿ.ಪಿ., ಶುಗರ್ ಇದ್ದವರು ಮದುವೆ ಊಟದ ಪಂಕ್ತಿಯಲ್ಲೇ ಅದನ್ನು ಹೆಮ್ಮೆಯಿಂದ ಸಾರಬಹುದು. ನನಗೆ ಬಂದದ್ದು ಆ ಪೈಕಿಯದಲ್ಲ. ಹೈಸ್ಕೂಲಿನ ಮೇಷ್ಟ್ರಾದ ನಾನು ಕುರ್ಚಿ ಬಿಟ್ಟು, ತರಗತಿಯಲ್ಲಿ ಓಡಾಡುತ್ತಲೇ ಪಾಠ ಮಾಡತೊಡಗಿದ್ದೆ. ಇದರಿಂದ ಹೆಡ್‌ಮಾಸ್ಟರರಿಗೆ ನನ್ನ ಮೇಲೆ ಗೌರವ ಹೆಚ್ಚಿತ್ತು. ಹೆಂಡತಿ ಸರೋಜಳಿಗೆ ಸೊಂಟನೋವು ಎಂದು ಹೇಳಿ ಮಡಿಕೇರಿಯ ಡಾಕ್ಟರಿಗೆ ತೋರಿಸಿಕೊಂಡು ಬಂದೆ. "ಸಣ್ಣ ಆಪರೇಷನ್. ಮೊದ್ಲು ಇನ್ಶೂರೆನ್ಸ್‌ನವರನ್ನ ಕೇಳ್ಕೊಳ್ಳಿ, ಕೊಡ್ತಾರೋ ಇಲ್ವೋ ಅಂತ" ಎಂದರು ಅವರು. ಕೊಡದಿದ್ದರೆ ಹೆಂಚು ಬದಲಿಸಲು ಇಟ್ಟ ದುಡ್ಡಿಗೆ ಕೈ ಹಾಕಬೇಕು, ಹಾಗೆ ಮಾಡಬೇಕಾದರೆ ಸರೋಜಳಿಗೆ ನಿಜ ಹೇಳಬೇಕು. ಅದನ್ನು ನೆನೆದರೇ ನಾಚಿಕೆಯಿಂದ ಕಿವಿ ಬಿಸಿಯಾಗುತ್ತಿತ್ತು.

ಗಾಳಿಬೀಡಿನ ನಮ್ಮ ಮನೆಯಲ್ಲಿ ಫೋನಿಗೆ ಸಿಗ್ನಲ್ ಸಿಗದು. ಎಂಥ ಗುಟ್ಟನ್ನೂ ಬಸ್ ನಿಲ್ದಾಣದ ತಿರುವಿನಲ್ಲಿ ನಿಂತು ಕೂಗಿಯೇ ಆಡಬೇಕು. ಬೆಳಿಗ್ಗೆ ಇನ್ಶೂರೆನ್ಸ್‌ನವರಿಗೆ ಫೋನ್ ಮಾಡಲು ನಾನು ಹೋದಾಗ ಅಲ್ಲಿ ಪಕ್ಕದ ತೋಟದ ಚಿಣ್ಣಪ್ಪಣ್ಣನೂ, ತೋಟದ ಕೂಲಿ ಲೈನಿನ ಸೆಲ್ವಿ ಅಕ್ಕನೂ ಬಸ್ಸಿಗೆ ಕಾಯುತ್ತಿದ್ದರು. ಫೋನಿನೊಳಗಿನ ದನಿ ಯಾವ ಭಾಷೆ ಬೇಕೆಂದು ಕೇಳಿತು. ಆಗ ನನ್ನ ತಲೆ ಓಡಿತು. ಒಬ್ಬರದು ಅರೆಭಾಷೆ, ಇನ್ನೊಬ್ಬರದು ತಮಿಳು. ಸುಂಟಿಕೊಪ್ಪದಲ್ಲಿ ಅಪ್ಪನ ಬಟ್ಟೆ ಅಂಗಡಿಯಲ್ಲಿ ಕೂತು ಕಲಿತ ನನ್ನ ಹರಕು ಮಲಯಾಳಕ್ಕೆ ಇದೇ ಸಮಯ ಎನ್ನಿಸಿ ಅದನ್ನೇ ಒತ್ತಿದೆ.

ಫೋನಿಗೆ ಬಂದ ಹುಡುಗಿ ಏನು ತೊಂದರೆ ಎಂದಳು. ಕೂರುವುದಕ್ಕೆ ಸ್ವಲ್ಪ ಕಷ್ಟ ಎಂದೆ. ಮಂಡಿಯೇ ಎಂದಳು. ಇನ್ನೂ ಮೇಲೆ ಎಂದೆ. ಸೊಂಟವೇ ಎಂದಳು. ಅಷ್ಟು ಮೇಲಲ್ಲ ಎಂದೆ. ಕಾಯಿಲೆಯ ಹೆಸರು ಹೇಳಲೇಬೇಕು ಎಂದು ಪಟ್ಟು ಹಿಡಿದಳು. ನನಗೋ ಮಲಯಾಳದಲ್ಲಿ ಆ ಪದವೇ ಗೊತ್ತಿಲ್ಲ. ಬಟ್ಟೆ ಅಂಗಡಿಗೆ ಬಂದವರು ಯಾರೂ ಅದನ್ನು ಕೇಳಿರಲಿಲ್ಲ. ನಾನು ತಡವರಿಸುತ್ತಿರುವಾಗ ಚಿಣ್ಣಪ್ಪಣ್ಣ ರಸ್ತೆಯ ಕಡೆಗೇ ನೋಡುತ್ತ, "ಮೂಲಕ್ಕುರು ಅನ್ನಿ ಮೇಷ್ಟ್ರೇ, ಅವ್ರು ಹಾಗೇ ಹೇಳೋದು" ಎಂದ.

"ಜೋರಾಗಿ ಹೇಳಿ ಸಾರ್, ಇಲ್ಲಿ ಲೈನ್ ಕಟ್ಟಾಗ್ತದೆ" ಎಂದಳು ಸೆಲ್ವಿ ಅಕ್ಕ.

ಜೋರಾಗಿಯೇ ಹೇಳಿದೆ. ನಮ್ಮ ಕೊಡಗಿನಲ್ಲಿ ನಾಲ್ಕು ಭಾಷೆ ಬಾರದವರು ಇಲ್ಲವೆಂಬುದನ್ನು ಇಲ್ಲೇ ಹುಟ್ಟಿ ಬೆಳೆದ ನಾನೇ ಮರೆತಿದ್ದೆ. ಪಾಲಿಸಿಗೆ ಎರಡು ವರ್ಷ ತುಂಬದೆ ಈ ಕಾಯಿಲೆಗೆ ಹಣ ಬರದು, ಇನ್ನೂ ಮೂರು ತಿಂಗಳಿದೆ ಎಂದಳು ಹುಡುಗಿ. "ಏನಂತೆ?" ಎಂದ ಚಿಣ್ಣಪ್ಪಣ್ಣ. ಇನ್ನು ಮುಚ್ಚಿಡುವುದೇನು? ಹೇಳಿದೆ. "ಅಷ್ಟು ದಿನ ಹೇಗೆ ತಡೀತೀರಿ ಮಾರಾಯ್ರೇ!" ಎಂದು ಮರುಗಿದ. ಆ ಮರುಕಕ್ಕೆ ನಾನು ಭೂಮಿಗಿಳಿದು ಹೋದೆ.

ಸಂಜೆ ಶಾಲೆಯಿಂದ ಬಂದಾಗ ಜಗಲಿಯ ಮೇಲೆ ನಾಲ್ಕು ಮನೆಯ ಸುವರ್ಣಗಡ್ಡೆ ರಾಶಿ ಬಿದ್ದಿತ್ತು. ಸರೋಜ ಪಕ್ಕದಲ್ಲೇ ಕೂತಿದ್ದಳು.

"ಮೂಲವ್ಯಾಧಿಗೆ ಇದು ಒಳ್ಳೇದಂತೆ. ಚಿಣ್ಣಪ್ಪಣ್ಣನ ಹೆಂಡ್ತಿನೂ ಅಕ್ಕಪಕ್ಕದವ್ರೂ ಕೊಟ್ಟು ಹೋದ್ರು. ನಾನು ನಿಮ್ಮ ಸೊಂಟಕ್ಕೆ ದಿನಾ ಎಣ್ಣೆ ತಿಕ್ತಿದ್ದೆ" ಎಂದಳು. ಬೈಯುವಳೆಂದು ಕಾದೆ. ಬೈಯಲಿಲ್ಲ; ಅವಳ ಕಣ್ಣು ತುಂಬಿತ್ತು. "ಊರಿಗೆಲ್ಲ ಮಲಯಾಳದಲ್ಲಿ ಹೇಳಿದ್ರಿ. ನಂಗೆ ಹೇಳೋಕೆ ಒಂದು ಭಾಷೇನೂ ಸಿಗ್ಲಿಲ್ವಾ ನಿಮ್ಗೆ?"

ಹೆಂಚಿನ ದುಡ್ಡನ್ನು ಅವಳೇ ತೆಗೆದು ಮೇಜಿನ ಮೇಲಿಟ್ಟಳು. ಆಮೇಲೆ ಗಡ್ಡೆ ಹೆಚ್ಚಿ ಪಲ್ಯ ಮಾಡಿ ಬಡಿಸಿದಳು. ನಾನು ನಿಂತುಕೊಂಡೇ ಉಂಡೆ. ಆ ಹೊತ್ತು ನೋವೇನೂ ಅಷ್ಟಿರಲಿಲ್ಲ; ಅವಳೆದುರು ಕೂರುವ ಮುಖ ನನಗಿರಲಿಲ್ಲ.