ಮುಗಿಲೂರು ಯಾವ ತಾಲೂಕಿಗೆ ಬರುತ್ತದೆ

ತಾಯಿ ತಂದೆ ಇಟ್ಟ ಹೆಸರಲ್ಲೇ ಸುಮ್ಮನೆ ಇದ್ದವರಿಗೆ ಏನೂ ಆಗುವುದಿಲ್ಲ. ಉಣ್ಣುತ್ತಾರೆ, ಮಲಗುತ್ತಾರೆ, ಸಂತೆಗೆ ಹೋಗಿ ಬರುತ್ತಾರೆ. ತನಗೆ ಇನ್ನೊಂದು ಹೆಸರು ಬೇಕು ಅಂತ ಹೊರಟವನಿಗೆ ಮಾತ್ರ ಬೆಳಗಾದರೆ ಏನಾದರೊಂದು ಆಗುತ್ತಲೇ ಇರುತ್ತದೆ. ನನಗಂತೂ ಆಯಿತು.

ನಮ್ಮ ಸೀಮೆಗೆ ಕಾಲುವೆ ನೀರು ಬಂದದ್ದು ಆಗಿನ್ನೂ ಹೊಸತು. ನಾನು ಗೊರೇಬಾಳದ ಶಾಲೆಯಲ್ಲಿ ಮಾಸ್ತರ. ಮನೆ ಸಿಂಧನೂರಿನಲ್ಲಿ, ನಾನು ಮತ್ತು ಅವ್ವ. ಸಂಜೆ ಶಾಲೆ ಬಿಟ್ಟ ಮೇಲೆ ಸೈಕಲ್ಲನ್ನು ಜಾಲಿಗಿಡಕ್ಕೆ ಆನಿಸಿ ಕಾಲುವೆಯ ದಂಡೆಗೆ ಕೂತುಬಿಡುತ್ತಿದ್ದೆ. ಎರೆಹೊಲದ ನಡುವೆ ಅಷ್ಟು ನೀರು ಸದ್ದಿಲ್ಲದೆ ಹೋಗುವುದನ್ನು ನಾವ್ಯಾರೂ ಹುಟ್ಟಿದಾಗಿನಿಂದ ನೋಡಿರಲಿಲ್ಲ. ನೀರಿನೊಳಗೆ ಮುಗಿಲು, ಮುಗಿಲೊಳಗೆ ಕೊಕ್ಕರೆ. ಸ್ವಲ್ಪ ಹೊತ್ತು ದಿಟ್ಟಿಸಿದರೆ ನೀರು ನಿಂತುಬಿಟ್ಟು ದಂಡೆಯೇ ನನ್ನನ್ನು ಹೊತ್ತುಕೊಂಡು ಹೊರಟ ಹಾಗೆ ಅನಿಸುತ್ತಿತ್ತು. ಹಾಗೆ ತೇಲುತ್ತಾ ತೇಲುತ್ತಾ ಒಂದು ಕತೆ ಬರೆದೆ. ಒಬ್ಬ ಅಣ್ಣ, ಒಬ್ಬ ತಂಗಿ, ನೀರು ಎಲ್ಲಿಂದ ಬರುತ್ತದೆ ನೋಡೋಣ ಅಂತ ಕಾಲುವೆಗುಂಟ ಮೇಲಕ್ಕೆ ನಡೆಯುತ್ತಾರೆ. ಅಷ್ಟೇ ಕತೆ. ಚಂದಮಾಮ ತೋರಿಸಿದರೆ ನಗುವ, ದೊಡ್ಡವರ ಮಾತಿನ ನಡುವೆ ಬಾಯಿ ಹಾಕಿದರೆ ಬೈಸಿಕೊಳ್ಳುವ ನನ್ನ ಶಾಲೆಯ ದೊಡ್ಡ ಹುಡುಗ ಹುಡುಗಿಯರಿಗಾಗಿ ಬರೆದದ್ದು.

ಕತೆ ಮುಗಿಯಿತು. ಅದರ ಮೇಲೆ ಹಾಕುವ ಹೆಸರಿನ ಕತೆ ಅಲ್ಲಿಂದ ಶುರುವಾಯಿತು.

ದತ್ತಕ

ನನ್ನ ಹೆಸರು ಅಮರಪ್ಪ. ನಮ್ಮ ಕಡೆ ಓಣಿಯಲ್ಲಿ ನಿಂತು "ಅಮರಪ್ಪಾ" ಅಂತ ಕೂಗಿದರೆ ಒಂದು ಬಾಗಿಲು ತೆರೆಯುವುದಿಲ್ಲ, ಸಾಲು ಬಾಗಿಲು ತೆರೆಯುತ್ತವೆ. ಗುರುತಿಗೆ ಒಬ್ಬನಿಗೆ ಗಿರಣಿ ಅಮರಪ್ಪ, ಒಬ್ಬನಿಗೆ ಕುಂಟ ಅಮರಪ್ಪ, ನನಗೆ ಕನ್ನಡಕ ಇದ್ದುದರಿಂದ ಚಾಳೀಸ ಅಮರಪ್ಪ. ಪುಸ್ತಕದ ಮೇಲೆ 'ಚಾಳೀಸ ಅಮರಪ್ಪ' ಅಂತ ಹಾಕಿಸುವುದು ಹೇಗೆ?

ರೊಟ್ಟಿ ಬಡಿಯುತ್ತಿದ್ದ ಅವ್ವನ ಮುಂದೆ ಕೂತು, "ಯವ್ವಾ, ನಾ ಹೆಸರು ಬದ್ಲಿ ಮಾಡ್ಕೋಬೇಕಂತ ಮಾಡೀನಿ" ಅಂದೆ.

ರೊಟ್ಟಿಯ ಸಪ್ಪಳ ನಿಂತಿತು. "ಯಾರ ಮನೀಗೆ ದತ್ತಕ ಹೊಂಟಿ?"

"ದತ್ತಕ ಅಲ್ಲಬೇ. ಪುಸ್ತಕ ಬರದೀನಿ. ಬರಿಯೋರು ಬ್ಯಾರೆ ಹೆಸರು ಇಟ್ಕೋತಾರ."

"ಬರದಿದ್ದು ನೀನ ಹೌದಿಲ್ಲೋ?"

"ಹೌದು."

"ಮತ್ತ ಬ್ಯಾರೇದವರ ಹೆಸರು ಯಾಕ ಹೇಳ್ತಿ?" ಅಂದು ಅವ್ವ ತವೆಯ ಮೇಲಿನ ರೊಟ್ಟಿ ತಿರುವಿ ಹಾಕಿದಳು. ಆಮೇಲೆ ಒಂದಿಷ್ಟು ಯೋಚಿಸಿ, ದನಿ ಇಳಿಸಿ ಕೇಳಿದಳು: "ಅಂಥಾದ್ದು ಏನು ಬರದಿಯಪ್ಪಾ?"

ಮೊಳೆ

ಕಾಲುವೆಯ ದಂಡೆಯಲ್ಲಿ ಕೂತಾಗ ದೂರದಲ್ಲಿ ನೆಲ ಮುಗಿಲು ಕೂಡುವ ಕಡೆ ಒಂದು ಗೆರೆ ಕಾಣುತ್ತಿತ್ತು. ಅದನ್ನೇ ನೋಡಿ ನೋಡಿ 'ಕ್ಷಿತಿಜ' ಅಂತ ನಿಶ್ಚಯ ಮಾಡಿದೆ. ಇಡೀ ವಾರ ಬಾಯಲ್ಲಿ ಆ ಹೆಸರನ್ನು ಪೆಪ್ಪರಮೆಂಟಿನ ಹಾಗೆ ಇಟ್ಟುಕೊಂಡು ಓಡಾಡಿದೆ.

ಅಚ್ಚು ಹಾಕಿಸಲು ಲಿಂಗಸುಗೂರಿಗೆ ಹೋದೆ. ಅಲ್ಲಿಯ ಮುದ್ರಣಾಲಯದ ಯಜಮಾನರು ಲಗ್ನಪತ್ರಿಕೆ, ಸಿನಿಮಾ ಕರಪತ್ರ ಮಾಡಿ ಹೆಸರಾದವರು. ನನ್ನ ಹೆಸರು ಬರೆದ ಚೀಟಿಯನ್ನು ಬೆಳಕಿಗೆ ಹಿಡಿದು ನೋಡಿ, "ದೊಡ್ಡ ಅಚ್ಚಿನ ಮೊಳಿಯೊಳಗ 'ಕ್ಷ' ಇಲ್ರಿ ಮಾಸ್ತರ. 'ಕಿತಿಜ' ಅಂತ ಮಾಡೂಣೇನು?" ಅಂದರು.

"ಕಿತಿಜ ಅಂದ್ರ ಏನ್ರಿ?"

"ನಿಮ್ಮದರ ಅರ್ಥಾನೂ ನನಗ ಗೊತ್ತಿಲ್ರಿ. ಎರಡೂ ಒಂದ ಅಲ್ಲೇನು?"

ನನಗೆ ಅನುಮಾನ ಬಂತು. "ಅಲ್ರಿ, ಲಗ್ನಪತ್ರಿಕಾ ಮಾಡ್ತೀರಿ. ಹುಡುಗಿ ಹೆಸರು ಲಕ್ಷ್ಮಿ ಅಂತ ಇದ್ರ ಹೆಂಗ ಮಾಡ್ತೀರಿ?"

"ಲಕುಮಿ ಅಂತ ಹಾಕ್ತೀನ್ರಿ, ದಾಸರ ಪದದಾಗ ಇದ್ದಂಗ."

"ಯಾರೂ ತಕರಾರ ಮಾಡಂಗಿಲ್ಲೇನು?"

"ತಕರಾರ ಯಾಕ್ರಿ," ಅಂದರು ಯಜಮಾನರು, "ಪ್ರೆಸ್ಸಿನವರು ಬಾಳ ದೈವಭಕ್ತರು ಅಂತ ಮತ್ತ ಹತ್ತು ಮನಿಯವರಿಗೆ ಹೇಳಿ ಕಳಸ್ತಾರ."

ಕತೆ ಹೇಳುವ ಸಾಹೇಬರು

ಒತ್ತಕ್ಷರ ಇಲ್ಲದ ಹೆಸರು ಹುಡುಕುತ್ತಾ ಬಸ್ಸಿನಲ್ಲಿ ವಾಪಸ್ಸು ಬಂದೆ. ಕಿಟಕಿಯ ಆಚೆ ಹೊಸ ಗದ್ದೆಗಳು ಹಸಿರು ಹಸಿರಾಗಿ ಹಿಂದಕ್ಕೆ ಓಡುತ್ತಿದ್ದವು. ಸಿಂಧನೂರು ಬರುವಷ್ಟರಲ್ಲಿ 'ತುಂಗಾತರಂಗ' ಅನ್ನುವ ಹೆಸರು ತಾನಾಗಿ ಬಂದು ತೊಡೆಯ ಮೇಲೆ ಕೂತಿತು. ಈ ಸಲ ಜನರ ಕಣ್ಣಿಗೆ ಮೊದಲೇ ರೂಢಿಯಾಗಲಿ ಅಂತ ಬೋರ್ಡು ಬರೆಯುವವನಿಂದ ನೀಲಿಯ ಮೇಲೆ ಬಿಳಿ ಅಕ್ಷರದಲ್ಲಿ ಬರೆಸಿ, ಮನೆಯ ಬಾಗಿಲ ಮೇಲೆ ತೂಗುಹಾಕಿದೆ. ದೂರ ನಿಂತು ನೋಡಿದರೆ ಅಲೆಯೇ ಬಂದು ನಮ್ಮ ಗೋಡೆಗೆ ತಾಗಿದ ಹಾಗಿತ್ತು.

ಮರುವಾರ ಬೆಳಗ್ಗೆ ಹಲ್ಲು ತಿಕ್ಕುತ್ತಿದ್ದೆ. ಅವ್ವ ಒಳಗೆ ಬಂದು, "ಹೊರಗ ಮಂದಿ ಬಂದಾರ. ಸಾಹೇಬ್ರು ಎದ್ದಾರೇನು ಅಂತ ಕೇಳಾಕತ್ತಾರ. ಯಾವ ಸಾಹೇಬಲೇ ನೀನು?" ಅಂದಳು.

ಹೋಗಿ ನೋಡಿದರೆ ವಳಕಮದಿನ್ನಿಯ ರೈತರು. ಒಂದು ಬಂಡಿ ತುಂಬ ಬಂದಿದ್ದರು. ಎಲ್ಲರೂ ಒಟ್ಟಿಗೆ ಕೈಮುಗಿದರು. ಮುಂದೆ ನಿಂತ ಹಿರಿಯರು, "ಸಾಹೇಬ್ರ, ನಮ್ಮ ಹೊಲ ಕಾಲುವಿ ಕಟ್ಟಕಡೀಗೆ ಅದಾವ್ರಿ. ಮ್ಯಾಲಿನವರು ನೀರು ಬಿಡವಲ್ರು. ಸಸಿ ಒಣಗಾಕತ್ತಾವು. ನೀವ ಒಂದು ದಾರಿ ಮಾಡಬೇಕು" ಅಂದರು.

"ನಾನು ಸಾಹೇಬ ಅಲ್ರಿ ಯಜಮಾನ್ರ."

"ತುಂಗಾ ಅಂತ ಬರದೈತೆಲ್ರಿ ಬಾಗಿಲಿಗೆ. ಕಾಲುವಿ ಆಫೀಸ ಅಲ್ಲೇನಿದು?"

"ಅದು ನನ್ನ ಹೆಸರ್ರಿ. ನೀರಿಗೂ ನನಗೂ ಸಂಬಂಧ ಇಲ್ಲ. ನಾನು ಬರೇ ಕತಿ ಹೇಳಾಂವ."

ಹಿರಿಯರು ಹಿಂದೆ ತಿರುಗಿ ತಮ್ಮವರನ್ನು ನೋಡಿದರು. ಅವರೆಲ್ಲ ತಲೆಯಾಡಿಸಿದರು. "ಇವರ ನೋಡ್ರಿ ಸಾಹೇಬ್ರು, ಅನುಮಾನ ಬ್ಯಾಡ" ಅಂದರು ಹಿರಿಯರು. "ಮೊದಲಿದ್ದವರೂ ಕತೀನ ಹೇಳ್ತಿದ್ರು."

ಅವ್ವ ಎಲ್ಲರಿಗೂ ಚಹಾ ಮಾಡಿಕೊಟ್ಟಳು. ಅವರ ಅಹವಾಲನ್ನು ನಾನೇ ಚಂದದ ಕನ್ನಡದಲ್ಲಿ ಬರೆದುಕೊಟ್ಟು, ನಿಜವಾದ ಸಾಹೇಬರ ಕಚೇರಿಯ ದಾರಿ ತೋರಿಸಿ ಕಳಿಸಿದೆ. ಅವರ ಬಂಡಿ ತಿರುವಿನಲ್ಲಿ ಮರೆಯಾದ ಮೇಲೆ ಬೋರ್ಡು ಇಳಿಸಿದೆ.

ಮೀಸೆ

ಕೊನೆಗೆ ಹೆಸರು ಸಿಕ್ಕಿದ್ದು ನೀರಿನಲ್ಲಿ ತೇಲುವ ಮುಗಿಲನ್ನು ನೋಡುತ್ತಾ. ಅಲ್ಲೊಂದು ಊರಿದ್ದರೆ, ಬಿಳಿ ಗೋಡೆ, ಬಿಳಿ ದನ, ಯಾರೂ ಯಾರನ್ನೂ ಕೂಗದ ಬಿಳಿ ಓಣಿ ಅಂತೆಲ್ಲ ಅನಿಸಿ 'ಮುಗಿಲೂರ' ಅಂದುಕೊಂಡೆ. ಲಿಂಗಸುಗೂರಿನ ಯಜಮಾನರು ಎಲ್ಲ ಮೊಳೆ ಇವೆ ಅಂತ ಖುಷಿಪಟ್ಟರು. "ಊರಿನ ಹೆಸರನ್ನ ಅಡ್ಡಹೆಸರು ಮಾಡೀರಿ, ಚಲೋ ಆತು. ಮುಗಿಲೂರು ಯಾವ ತಾಲೂಕಿಗೆ ಬರತೈತ್ರಿ?" ಅಂತಲೂ ಕೇಳಿದರು. ಆಮೇಲೆ, "ಬೀಡಿ ಕಟ್ಟಿಗೂ ಹೆಸರಿನ ಕೆಳಗ ಒಂದು ಮಾತು ಇರತೈತಿ. ನಿಮಗೂ ಒಂದು ಇರಲಿ. ಯಾರಿಗೆ ಬರದೀರಿ ಅಂತ ಗಿರಾಕಿಗೆ ತಿಳೀಬೇಕು. ಮಕ್ಕಳಿಗೆ ಅಂದ್ರ ನಿಮ್ಮ ಶಾಲಿ ದೊಡ್ಡ ಹುಡುಗರು ಮುಟ್ಟಂಗಿಲ್ಲ. ದೊಡ್ಡವರಿಗೆ ಅಂದ್ರ ಅವರ ಅಪ್ಪಗೋಳು ಕಸಗೋತಾರ" ಅಂದರು.

ಮಾತು ಖರೆ ಇತ್ತು. ನಾನು ಮತ್ತು ನಮ್ಮ ಹೆಡ್‌ಮಾಸ್ತರು ಕೂಡಿ ಯೋಚಿಸಿ, 'ಮೀಸೆ ಚಿಗುರುವವರಿಗಾಗಿ' ಅಂತ ಒಂದು ಸಾಲು ಕಟ್ಟಿದೆವು. ಹೆಡ್‌ಮಾಸ್ತರಿಗೆ ಅದು ಎಷ್ಟು ಹಿಡಿಸಿತೆಂದರೆ ತಾವೇ ನನ್ನ ತರಗತಿಗೆ ಬಂದು ಕರಿಹಲಗೆಯ ಮೇಲೆ ಬರೆದು, "ಹೆಂಗೈತಿ?" ಅಂತ ಕೇಳಿದರು. ಹುಡುಗರೆಲ್ಲ ಮೂಗಿನ ಕೆಳಗೆ ಬೆರಳಾಡಿಸಿಕೊಂಡು ಒಬ್ಬರನ್ನೊಬ್ಬರು ನೋಡಿ ನಕ್ಕರು.

ಹುಡುಗಿಯರ ಸಾಲಿನಿಂದ ಒಬ್ಬಳು ಎದ್ದು ನಿಂತಳು. ಯಾವತ್ತೂ ಮಾತಾಡದ ಹುಡುಗಿ. ಬಹಳ ವಿನಯದಿಂದ ಕೇಳಿದಳು: "ಸರ, ಹಂಗಾದ್ರ ನಮಗ ಮೀಸಿ ಬರೂತನಕ ಓದಬಾರದೇನ್ರಿ?"

ಹೆಡ್‌ಮಾಸ್ತರು ಕರಿಹಲಗೆ ಒರೆಸಿದರು. ಒರೆಸುವಾಗ ತಮ್ಮ ಮೀಸೆಯನ್ನೂ ಒಂದು ಸಲ ಮುಟ್ಟಿ ನೋಡಿಕೊಂಡರು.

ಎಮ್ಮೆ

ಹೀಗೆ ಕೊನೆಗೆ ನಿಂತ ಸಾಲು: 'ಕನಸು ಕಾಣುವ ವಯಸ್ಸಿನವರಿಗೆ'. ಮುಗಿಲೂರ, ಅದರ ಕೆಳಗೆ ಈ ಸಾಲು. ಅಚ್ಚಿನ ಮಸಿಯ ವಾಸನೆ ಆರದ ಪುಸ್ತಕವನ್ನು ದಿಂಬಿನ ಪಕ್ಕ ಇಟ್ಟುಕೊಂಡು ಮಲಗಿದೆ. ನನ್ನ ಕನಸುಗಳೂ ಅಚ್ಚಾಗಿ ಬಂದ ಹಾಗೆ ಸ್ಪಷ್ಟವಾಗಿದ್ದವು.

ಮಸ್ಕಿಯಲ್ಲಿ ಬಸ್‌ಸ್ಟ್ಯಾಂಡಿನ ಹತ್ತಿರ ಪಂಚಾಂಗ, ಬಳಪ, ಊದಿನಕಡ್ಡಿ ಮಾರುವ ಒಂದು ಅಂಗಡಿ ಇತ್ತು. ಅಲ್ಲಿ ಕೆಲವು ಪ್ರತಿ ಇಟ್ಟು ಬಂದಿದ್ದೆ. ಸ್ವಲ್ಪ ದಿನ ಬಿಟ್ಟು ಹೋದರೆ ಅಂಗಡಿಯವರು, "ನಿಮ್ಮ ಪುಸ್ತಕ ಬರೋಬರಿ ಹೊಂಟೈತ್ರಿ. ಬರೇ ವಯಸ್ಸಾದವರ ಒಯ್ಯಾಕತ್ತಾರ" ಅಂದರು. ನನಗೆ ಅರ್ಥವಾಗಲಿಲ್ಲ.

ಅಷ್ಟರಲ್ಲಿ ಒಬ್ಬ ಅಜ್ಜಿ ನನ್ನ ಪುಸ್ತಕ ಹಿಡಿದುಕೊಂಡು ಬಂದಳು. ಇವರೇ ಬರೆದವರು ಅಂತ ಅಂಗಡಿಯವರು ತೋರಿಸಿದರು. ಅಜ್ಜಿ ನನ್ನ ಕೈ ಹಿಡಿದು ಕಟ್ಟೆಯ ಮೇಲೆ ಕೂರಿಸಿಕೊಂಡಳು.

"ಎಪ್ಪಾ, ನನಗ ನಸಿಕಿನ್ಯಾಗ ಕನಸು ಬೀಳತೈತಿ. ನಮ್ಮ ಎಮ್ಮಿ ಮುಗಿಲಾಗ ಈಜಾಡತಿರತೈತಿ. ಕೆಳಗ ಬಾ ಅಂದ್ರ ಬರವಲ್ದು. ಮಮ್ಮಗಳ ಕಡಿಂದ ಪುಸ್ತಕ ಪೂರಾ ಓದಿಸೇನಿ. ಅಣ್ಣ ತಂಗಿ ಹೊಂಟಾರ, ಹೊಂಟ ಅದಾರ. ಇದರಾಗ ಎಮ್ಮಿ ಫಲ ಎಲ್ಲಿ ಬರದಿ?"

ಆಗ ಹೊಳೆಯಿತು. ಅಂಗಡಿಯವರು ನನ್ನ ಪುಸ್ತಕವನ್ನು ಪಂಚಾಂಗದ ಪಕ್ಕ, ಕನಸಿನ ಫಲ ಹೇಳುವ ಪುಸ್ತಕಗಳ ಸಾಲಿನಲ್ಲಿ ಇಟ್ಟಿದ್ದರು.

ಇದು ಆ ಥರದ ಪುಸ್ತಕ ಅಲ್ಲ ಅಂತ ಹೇಳಲು ಬಾಯಿ ಬರಲಿಲ್ಲ. ಮುಗಿಲಲ್ಲಿ ಈಜುವ ಎಮ್ಮೆ ನನ್ನ ಕಣ್ಣಿಗೂ ಕಟ್ಟಿತ್ತು. "ಚಲೋ ಕನಸು ಅಜ್ಜಿ. ಹಾಲು ಸಮೃದ್ಧಿ" ಅಂದೆ. ಅಜ್ಜಿ ನೆಮ್ಮದಿಯಿಂದ ಹೋದಳು.

ಅಂಗಡಿಯವರು ನನ್ನನ್ನು ಪಕ್ಕಕ್ಕೆ ಕರೆದು ಹೇಳಿದರು: "ಮುಂದಿನ ಪುಸ್ತಕದಾಗ ಒಂದು ಎಮ್ಮಿ ಹಾಕ್ರಿ ಮಾಸ್ತರ. ಒಂದು ಸತ್ತ ಹಲ್ಲಿನೂ ಇರಲಿ, ಅದರ ಫಲಾನೂ ಬಾಳ ಮಂದಿ ಕೇಳ್ತಾರ."

ಕನ್ಯಾ ನೋಡಿದ್ದು

ಆ ವರ್ಷವೇ ಹೆಡ್‌ಮಾಸ್ತರು ನನಗೊಂದು ಹೆಣ್ಣು ಗೊತ್ತುಮಾಡಿದರು. ಹುಡುಗಿಯ ತಂದೆ ಹಟ್ಟಿಯ ಚಿನ್ನದ ಗಣಿಯಲ್ಲಿ ಪಾಳಿ ಕೆಲಸದವರು. ಹುಡುಗಿ ಮೆಟ್ರಿಕ್ ಓದಿದವಳು. ಅವ್ವ, ಹೆಡ್‌ಮಾಸ್ತರು, ನಾನು ಬಸ್ಸು ಹಿಡಿದು ಹೋದೆವು. ಪುಸ್ತಕದ ವಿಷಯ ಈಗಲೇ ಎತ್ತಬೇಡಿ, ಗಂಡು ಕೆಲಸಕ್ಕೆ ಬಾರದವನು ಅಂದುಕೊಂಡಾರು ಅಂತ ಹೆಡ್‌ಮಾಸ್ತರು ದಾರಿಯಲ್ಲಿ ಹೇಳಿದ್ದರು.

ಮುಂದೆ ಮಂಡಕ್ಕಿ ಒಗ್ಗರಣಿ, ಮಿರ್ಚಿ, ಶಿರಾ ಬಂದವು. ಕಿಟಕಿಯ ಆಚೆ ಗುಡ್ಡ, ಗುಡ್ಡದ ಮೇಲೊಂದು ಮುಗಿಲು. ಹುಡುಗಿ ಬಂದು ಚಾಪೆಯ ಅಂಚಿಗೆ ಕೂತಳು. ಹೆಸರು, ಓದು, ಹಾಡು ಎಲ್ಲ ಕೇಳಿ ಮುಗಿದ ಮೇಲೆ ಅವಳ ತಂದೆ, "ನೀನೂ ಏನಾರ ಕೇಳೂದಿದ್ರ ಕೇಳವ್ವ" ಅಂದರು.

ಅವಳು ತಲೆ ಎತ್ತದೆ ಕೇಳಿದಳು: "ನಿಮ್ಮ ಕಡೆ ಮುಗಿಲೂರ ಅಂತ ಒಬ್ಬರು ಕತಿ ಬರೀತಾರ. ನಿಮಗ ಗೊತ್ತೇನ್ರಿ?"

ನಾನು ಕನ್ನಡಕ ಸರಿಮಾಡಿಕೊಂಡೆ. "ಗೊತ್ತು," ಅಂದೆ. "ಹೆಂಗ ಬರೀತಾರ?"

"ಕಾಲುವಿ ಬಗ್ಗೆ ಚಲೋ ಬರದಾರ. ಹುಡುಗ್ಯಾರ ಬಗ್ಗೆ ಏನೂ ಗೊತ್ತಿಲ್ಲ ಅನ್ಸತೈತಿ. ಅವರ ಕತಿಯೊಳಗಿನ ತಂಗಿ ಹಗಲೆಲ್ಲಾ ನಡೀತಾಳ, ಆಕಿಗೆ ಹಸಿವು ಅನ್ನೂದ ಆಗಂಗಿಲ್ಲ. ಬುತ್ತಿ ಮುಂದಿಟ್ಕೊಂಡು ದೂರ ನೋಡ್ತಾಳ, ನಿಟ್ಟುಸಿರು ಬಿಡ್ತಾಳ."

"ಹಂಗಲ್ಲ," ಅಂದೆ. ಮುಗಿಲೂರರ ಮನಸ್ಸು ಎಂಥದು, ಅವರು ಎಷ್ಟು ಕಷ್ಟಪಟ್ಟು ಒಂದೊಂದು ಮಾತನ್ನೂ ಆರಿಸುತ್ತಾರೆ, ಅವರ ನಿಟ್ಟುಸಿರಿಗೆ ಏನರ್ಥ ಅಂತ ಹೇಳುತ್ತಾ ಹೋದೆ. ಅವ್ವ ಕೆಮ್ಮಿದಳು. ಹೆಡ್‌ಮಾಸ್ತರು ಶಿರಾದ ತಟ್ಟೆಯನ್ನೇ ದಿಟ್ಟಿಸುತ್ತಿದ್ದರು.

ಹುಡುಗಿಯ ತಂದೆ ಎಲ್ಲವನ್ನೂ ಗಮನವಿಟ್ಟು ಕೇಳಿದರು. ಆಮೇಲೆ ಹೆಡ್‌ಮಾಸ್ತರ ಕಡೆ ಬಾಗಿ, ನನಗೆ ಕೇಳಿಸಬಾರದು ಅನ್ನುವ ದನಿಯಲ್ಲಿ ಕೇಳಿದರು: "ಆ ಮುಗಿಲೂರ ಅವರದು ಲಗ್ನ ಆಗೇತೇನ್ರಿ?"

ಹೆಡ್‌ಮಾಸ್ತರು ಇನ್ನು ತಡೆಯಲಾರದೆ, "ಇಬ್ಬರೂ ಒಬ್ಬರ ಅದಾರ್ರಿ, ಇವರ ಮುಗಿಲೂರ" ಅಂದರು. ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಹುಡುಗಿ ಮಾತ್ರ ಎದ್ದು ಒಳಗೆ ಹೋದಳು. ಸಂಬಂಧ ತಪ್ಪಿತು ಅಂದುಕೊಂಡು ನಾನು ಚಪ್ಪಲಿ ಎಲ್ಲಿ ಬಿಟ್ಟಿದ್ದೇನೆ ಅಂತ ಹುಡುಕತೊಡಗಿದೆ. ಅಷ್ಟರಲ್ಲಿ ಅವಳ ತಾಯಿ ಬಾಗಿಲಿಗೆ ಬಂದು, "ಹುಡುಗಿ ಹೂಂ ಅಂದಾಳ" ಅಂದರು.

ಮದುವೆಯಾಗಿ ಎಷ್ಟೋ ದಿನದ ಮೇಲೆ ಒಂದು ಸಂಜೆ ಇಬ್ಬರೂ ಕಾಲುವೆಯ ದಂಡೆಗೆ ಕೂತಿದ್ದೆವು. ನೀರಿನ ಮೇಲೆ ಬಿಸಿಲು ಕೆಂಪಾಗಿ ಸರಿಯುತ್ತಿತ್ತು. "ನಾನ ಮುಗಿಲೂರ ಅಂತ ತಿಳಿದಾಗ ನಿನಗ ಆಶ್ಚರ್ಯ ಆತೇನು?" ಅಂತ ಕೇಳಿದೆ.

"ಆಗಲಿಲ್ಲ," ಅಂದಳು. "ಹೆಡ್‌ಮಾಸ್ತರು ಹೇಳೋಕಿಂತ ಮೊದಲ ನನಗ ಗೊತ್ತಾಗಿತ್ತು."

"ಅದ್ಹೆಂಗ?"

"ಬಾಗಿಲ ಸಂದಿಲಿಂದ ನೋಡಾಕತ್ತಿದ್ದೆ. ಎಲ್ಲಾರೂ ಒಗ್ಗರಣಿ ತಿನ್ನಾಕತ್ತಿದ್ರು. ನೀವೊಬ್ಬರು ಮಾತ್ರ ತಟ್ಟಿ ಮುಂದಿಟ್ಕೊಂಡು, ಗುಡ್ಡದ ಮ್ಯಾಲಿನ ಮುಗಿಲು ನೋಡಿ ನಿಟ್ಟುಸಿರು ಬಿಟ್ರಿ. ಕತಿ ಬರದವರು ಯಾರು ಅಂತ ನೀವು ಅವರ ಪರ ವಾದ ಮಾಡಿದ ಮ್ಯಾಲೆ ತಿಳೀತು. ಆದ್ರ ಆ ತಂಗಿ ಯಾರು ಅಂತ ಆಗಲೇ ತಿಳಿದಿತ್ತು."